ಮೈನಸ್ 18ರ ಬಂಗುಡೆ

ಕರಾವಳಿಯವರ ಪಾಲಿಗೆ ಮೀನಿನಲ್ಲಿ ಇರುವುದು ಎರಡೇ ಜಾತಿ. ಒಂದು ಇವತ್ತಿನದ್ದು, ಇನ್ನೊಂದು ಐಸಿನದ್ದು. ಬಂಗುಡೆ, ಬೈಗೆ, ಅಂಜಲ್, ಕಾಣೆ ಎಲ್ಲ ಆಮೇಲಿನ ಒಳಪಂಗಡಗಳು. ಗಂಗೊಳ್ಳಿಯ ನಮ್ಮ ಮನೆಯಲ್ಲಿ ಯಾರದಾದರೂ ಮದುವೆ ಊಟವನ್ನು ತೆಗಳಬೇಕೆಂದರೆ "ಐಸಿನ ಮೀನ್ ಅಂಬ್ರ್" ಎಂದರೆ ಸಾಕಿತ್ತು, ಮುಂದೆ ವಿವರಣೆ ಬೇಕಿರಲಿಲ್ಲ. ಬುಟ್ಟಿ ಹೊತ್ತ ಹೆಂಗಸು ಅಂಗಳಕ್ಕೆ ಬಂದು ಸಿಂಬಿ ಇಳಿಸುವ ಮೊದಲೇ ಅಮ್ಮನ ತೋರುಬೆರಳು ಮೀನಿನ ಕಿವಿರಿನೊಳಗೆ ಇರುತ್ತಿತ್ತು. ಕೆಂಪಗಿದ್ದರೆ ಚೌಕಾಸಿ ಶುರು. ಕಂದು ತಿರುಗಿದ್ದರೆ "ಇವತ್ತ್ ಬೇಡ."

ಇಂಥ ಕುಲದಲ್ಲಿ ಹುಟ್ಟಿದ ನಾನು ಸಂಸಾರ ಹೂಡಿದ್ದು ಜರ್ಮನಿಯ ಎರ್ಲಾಂಗನ್ ಎಂಬ ಊರಿನಲ್ಲಿ. ಇಲ್ಲಿಂದ ಸಮುದ್ರ ಸುಮಾರು ಐನೂರು ಕಿಲೋಮೀಟರ್ ಆಚೆ. ಹಾಗೆಂದು ಮೀನಿಗೆ ಬರವೇನಿಲ್ಲ. ಊರಿನ ಪಕ್ಕದ ಆಯಿಶ್‌ಗ್ರುಂಡ್ ಎಂಬ ಸೀಮೆಯ ತುಂಬ ಹೊಂಡಗಳಿವೆ, ಹೊಂಡದ ತುಂಬ ಕಾರ್ಪ್ ಮೀನುಗಳಿವೆ. ತಿಂಗಳ ಹೆಸರಿನಲ್ಲಿ 'ರ್' ಸದ್ದು ಇದ್ದರೆ ಮಾತ್ರ, ಅಂದರೆ ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಮಾತ್ರ, ಅದನ್ನು ತಿನ್ನಬೇಕೆಂದು ಇಲ್ಲಿಯವರ ವ್ರತ. ಮೀನನ್ನು ಉದ್ದಕ್ಕೆ ಎರಡು ಸೀಳಿ ಕರಿದು ತಂದಿಡುತ್ತಾರೆ. ಅರ್ಧ ಮೀನೇ ತಟ್ಟೆ ತುಂಬುತ್ತದೆ. ತಿನ್ನಬಹುದು. ಆದರೆ ಸಮುದ್ರದ ಮೀನು ಉಂಡು ಬೆಳೆದವರು ಕೆರೆಮೀನು ತಿನ್ನುವಾಗ ಮುಖದ ಮೇಲೆ ಒಂದು ಬಗೆಯ ಔದಾರ್ಯ ಬಂದು ಕೂರುತ್ತದೆ.

ಸಮುದ್ರದ ಮೀನು ಬೇಕೆಂದರೆ ಸೂಪರ್ ಮಾರ್ಕೆಟ್ಟಿನ ಗಾಜಿನ ಕೌಂಟರಿಗೆ ಹೋಗಬೇಕು. ಅಲ್ಲಿ ಬೆರಳಿಗೆ ಕೆಲಸವಿಲ್ಲ. ಕೈಗವಸು ತೊಟ್ಟ ಹೆಂಗಸಿಗೆ "ಸ್ವಲ್ಪ ಕಿವಿರು ಎತ್ತಿ ತೋರಿಸುತ್ತೀರಾ" ಎಂದು ಕೇಳಿದರೆ, ಅವರು ತೋರಿಸುತ್ತಾರೆ ನಿಜ, ಆದರೆ ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನಮ್ಮ ಕಿವಿಯನ್ನೇ ನೋಡುತ್ತಾರೆ. ಅದರ ಬದಲು ಚೀಟಿ ಓದಬಹುದು. ಯುರೋಪಿನ ಕಾನೂನಿನ ಪ್ರಕಾರ ಪ್ರತಿ ಮೀನಿಗೂ ಒಂದು ಜಾತಕವಿರುತ್ತದೆ: ಊರವರು ಕರೆಯುವ ಹೆಸರು, ಲ್ಯಾಟಿನ್ ಹೆಸರು, ಹಿಡಿದದ್ದೋ ಸಾಕಿದ್ದೋ, ಹಿಡಿದದ್ದಾದರೆ ಯಾವ ಕಡಲಿನಲ್ಲಿ, ಯಾವ ಬಲೆಯಲ್ಲಿ. ಒಮ್ಮೆ ಹೆಪ್ಪುಗಟ್ಟಿಸಿ ಕರಗಿಸಿದ ಮೀನಾದರೆ ಅದನ್ನೂ ಬರೆದಿರಬೇಕು. ನಾನು ಮೊದಲು ಹುಡುಕುವುದು ಈ ಕೊನೆಯ ಮಾತನ್ನೇ. ಅದಿದ್ದರೆ ಆ ಮೀನು ಅವತ್ತೇ ಸಾರಿಗೆ. ಮತ್ತೆ ಫ್ರೀಝರಿಗಿಟ್ಟರೆ ಆಮೇಲೆ ಬಾಯಿಗೆ ಸಿಗುವುದು ಬರೀ ಹಿಪ್ಪೆ.

ಯಾಕೆ ಹಿಪ್ಪೆ ಎಂಬುದಕ್ಕೆ ಕಾರಣ ಸರಳ. ಮೀನಿನ ಮೈಯಲ್ಲಿ ಹೆಚ್ಚಿನ ಪಾಲು ನೀರೇ. ಆ ನೀರು ನಿಧಾನವಾಗಿ ಹೆಪ್ಪುಗಟ್ಟಿದರೆ ಐಸಿನ ಹರಳುಗಳು ದೊಡ್ಡದಾಗಿ, ಚೂಪಾಗಿ ಬೆಳೆದು ಮಾಂಸದ ಜೀವಕೋಶಗಳನ್ನು ಚುಚ್ಚುತ್ತವೆ. ಕರಗಿಸಿದಾಗ ರಸವೆಲ್ಲ ತಟ್ಟೆಗೆ, ನಾರು ನಮಗೆ. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣ, ಹಾನಿಯೂ ಸಣ್ಣ. ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕದವನು 1910ರ ದಶಕದಲ್ಲಿ ಕೆನಡಾದ ಲ್ಯಾಬ್ರಡಾರ್‌ನಲ್ಲಿದ್ದಾಗ ಇದನ್ನು ಕಣ್ಣಾರೆ ಕಂಡ. ಅಲ್ಲಿನ ಇನ್ಯೂಟ್ ಜನ ಹಿಡಿದ ಮೀನು ಕಡುಚಳಿಯ ಗಾಳಿಗೆ ಆಗಿಂದಾಗಲೇ ಕಲ್ಲಾಗುತ್ತಿತ್ತು. ತಿಂಗಳುಗಳ ಮೇಲೆ ಬೇಯಿಸಿದರೂ ರುಚಿ ಹಾಗೇ ಇತ್ತು. ಹಡಗಿನ ಮೇಲೆಯೇ ಹೆಪ್ಪುಗಟ್ಟಿಸಿದ ಮೀನು ಕೌಂಟರಿನ 'ತಾಜಾ' ಮೀನಿಗಿಂತ ಎಷ್ಟೋ ಸಲ ಹೆಚ್ಚು ತಾಜಾ. ಈ ವಾಕ್ಯವನ್ನು ಗಂಗೊಳ್ಳಿಯಲ್ಲಿ ಜೋರಾಗಿ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಇಷ್ಟಕ್ಕೂ ಫ್ರೀಝರ್ ಎಂಬ ಈ ತಣ್ಣನೆಯ ಪೆಟ್ಟಿಗೆಯ ಪುಣ್ಯ ಸಲ್ಲಬೇಕಾದದ್ದು ಮೀನಿಗಲ್ಲ, ಬಿಯರಿಗೆ. 1553ರಲ್ಲಿ ಬವೇರಿಯಾದ ದೊರೆ ಬೇಸಿಗೆಯಲ್ಲಿ ಬಿಯರ್ ತಯಾರಿಸಬಾರದೆಂದು ಆಜ್ಞೆ ಹೊರಡಿಸಿದ. ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಹಂಡೆ ಬಂದ್. ನಮ್ಮಲ್ಲಿ ಜೂನ್ ಮತ್ತು ಜುಲೈ, 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯಬಾರದಲ್ಲ, ಹಾಗೆ. ನಾವು ಆ ದಿನಗಳಿಗೆ ಒಣಮೀನು ಕಟ್ಟಿಟ್ಟುಕೊಂಡೆವು. ಅವರು ಗುಡ್ಡ ಕೊರೆದು ನೆಲಮಾಳಿಗೆ ಮಾಡಿ ಬಿಯರ್ ಪೀಪಾಯಿಗಳನ್ನು ತಂಪಾಗಿಟ್ಟುಕೊಂಡರು. ಎರ್ಲಾಂಗನ್ನಿನ ಗುಡ್ಡದಲ್ಲೂ ಅಂಥ ಮಾಳಿಗೆಗಳಿವೆ. 1755ರಿಂದ ಅವುಗಳ ಬಾಯಲ್ಲೇ ವರ್ಷಕ್ಕೊಂದು ಜಾತ್ರೆ ನಡೆಯುತ್ತದೆ. ಕೊನೆಗೆ ಎರ್ಲಾಂಗನ್ ಇರುವ ಇದೇ ಫ್ರಾಂಕೋನಿಯಾ ಸೀಮೆಯ ಬೆರ್ನ್‌ಡಾರ್ಫ್ ಎಂಬ ಹಳ್ಳಿಯಲ್ಲಿ 1842ರಲ್ಲಿ ಹುಟ್ಟಿದ ಕಾರ್ಲ್ ಫಾನ್ ಲಿಂಡೆ, ಮ್ಯೂನಿಕ್ಕಿನಲ್ಲಿ ಪ್ರೊಫೆಸರಾಗಿದ್ದಾಗ ಬಿಯರಿನವರ ದುಡ್ಡಿನಲ್ಲಿ ತಂಪು ಮಾಡುವ ಯಂತ್ರ ಕಟ್ಟಿದ. 1879ರಲ್ಲಿ ಮೇಷ್ಟರ ಕೆಲಸ ಬಿಟ್ಟು ಕಂಪನಿಯನ್ನೇ ತೆರೆದ. ಅವನ ಯಂತ್ರದ ಮೊಮ್ಮಗ ಈಗ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಗುರ್ ಎನ್ನುತ್ತಿದೆ.

ಆ ಮೊಮ್ಮಗನಿಗೆ ಮೂರು ಡ್ರಾಯರು. ಮೇಲಿನದು ತುರಿದ ತೆಂಗಿನಕಾಯಿಗೆ, ಕರಿಬೇವಿಗೆ. ನಡುವಿನದು ಧಾರವಾಡದ ನನ್ನ ಗಂಡನ ಹೋಳಿಗೆಗೆ. "ನನ್ನ ಹೋಳಿಗಿ ಬಾಜೂಕ ನಿನ್ನ ಬಂಗುಡಿ ಬ್ಯಾಡ" ಎಂಬುದು ಮದುವೆಯಾದ ಹೊಸತರಲ್ಲೇ ಆದ ಒಪ್ಪಂದ. ಹಾಗಾಗಿ ಕೆಳಗಿನದು ನನ್ನದು.

ಮನೆಯ ಫ್ರೀಝರ್ ಹಡಗಿನದ್ದಲ್ಲ. ಮೈನಸ್ 18ರಲ್ಲಿ ಕಾಯುವುದು ಅದಕ್ಕೆ ಗೊತ್ತು, ಗಬಕ್ಕನೆ ಹೆಪ್ಪುಗಟ್ಟಿಸುವುದು ಗೊತ್ತಿಲ್ಲ. ಅದಕ್ಕೇ ಅತಿಶೀತದ ಬಟನ್ನನ್ನು ಹಿಂದಿನ ದಿನವೇ ಒತ್ತಿಡುತ್ತೇನೆ. ಶನಿವಾರ ತುರ್ಕಿಯವರ ಅಂಗಡಿಯಿಂದ ಇಡೀ ಬಂಗುಡೆ ತರುತ್ತೇನೆ. ಇಲ್ಲಿಯದು ನಮ್ಮ ಬಂಗುಡೆಯ ದಾಯಾದಿ, ಬೆನ್ನಿನ ಮೇಲೆ ಅಲೆಅಲೆಯಾದ ಕಪ್ಪು ಪಟ್ಟೆ. ಕರುಳು ತೆಗೆದು, ಹೊಟ್ಟೆಯೊಳಗಿನ ರಕ್ತದ ಗೆರೆಯನ್ನು ಉಗುರಿನಲ್ಲಿ ಕೆರೆದು ತೊಳೆದು, ಕಾಗದದಲ್ಲಿ ಒತ್ತಿ ಒಣಗಿಸಿ, ಒಂದಕ್ಕೊಂದು ತಾಗದಂತೆ ಸ್ಟೀಲ್ ತಟ್ಟೆಯಲ್ಲಿ ಸಾಲಾಗಿ ಮಲಗಿಸುವುದು. ಕಲ್ಲಾದ ಮೇಲೆ ತೆಗೆದು ಮಂಜಿನಂಥ ತಣ್ಣೀರಿನಲ್ಲಿ ಒಮ್ಮೆ ಅದ್ದಿದರೆ ಮೈಮೇಲೆ ತೆಳು ಐಸಿನ ಪೊರೆ ಕೂರುತ್ತದೆ. ಗಾಳಿ ತಾಗದು, ಮೈ ಒಣಗಿ ಬೆಳ್ಳಗಾಗದು. ಕಾರ್ಖಾನೆಯವರೂ ಮಾಡುವುದು ಇದನ್ನೇ. ಮೀನನ್ನು ಡಬ್ಬಿಗೆ ಹಾಕಿ ಮುಳುಗುವಷ್ಟು ನೀರು ಹೊಯ್ದು ಇಡುವ ನಮ್ಮೂರ ಹೆಂಗಸರ ಉಪಾಯದ ಹಿಂದೆ ಇರುವುದೂ ಇದೇ ತರ್ಕ, ಜಾಗ ಮಾತ್ರ ಜಾಸ್ತಿ ನುಂಗುತ್ತದೆ. ಬಂಗುಡೆಯಂಥ ಎಣ್ಣೆ ಮೀನು ಎರಡು ಮೂರು ತಿಂಗಳೊಳಗೆ ಖರ್ಚಾಗಬೇಕು. ಅಷ್ಟು ಚಳಿಯಲ್ಲೂ ಅದರ ಕೊಬ್ಬು ಮೆಲ್ಲಗೆ ಕಮಟು ಹಿಡಿಯುತ್ತದೆ. ಹಾಗಾಗಿ ಪ್ರತಿ ಪೊಟ್ಟಣಕ್ಕೂ ತಾರೀಖು. ಈ ಒಂದು ವಿಷಯದಲ್ಲಿ ನಾನು ಪೂರ್ತಿ ಜರ್ಮನಿಯವಳಾಗಿದ್ದೇನೆ.

ಕಳೆದ ಜುಲೈಯಲ್ಲಿ ಅಮ್ಮ ಬಂದಳು. ಊರಲ್ಲಿ ಹೇಗೂ ಬೋಟು ಬಂದ್. ಇಲ್ಲಿಯ ಕಸ್ಟಮ್ಸ್ ನಿಯಮದಲ್ಲಿ ಹಾಲಿನ ಪದಾರ್ಥ ತರುವಂತಿಲ್ಲ, ಮೀನಾದರೆ 20 ಕಿಲೋವರೆಗೆ ಅಡ್ಡಿಯಿಲ್ಲ. ಹಾಗಾಗಿ ಅಳಿಯನ ಧಾರವಾಡ ಪೇಡಾ ಊರಲ್ಲೇ ಉಳಿಯಿತು, ನನ್ನ ಒಣಸಿಗಡಿ ರಾಜಮರ್ಯಾದೆಯಿಂದ ಬಂದಿಳಿಯಿತು. ನನ್ನ ಗಂಡ ಆ ಕಾನೂನಿನ ಬಗ್ಗೆ ಇನ್ನೂ ಮಾತಾಡುತ್ತಿದ್ದಾರೆ.

ಮಾರನೆಯ ದಿನ ಅಮ್ಮ ಕೆಳಗಿನ ಡ್ರಾಯರು ಎಳೆದು ಪೊಟ್ಟಣಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದಳು. ಒಂದು ಮಾತ್ರ ಗುರುತು ಹತ್ತಲಿಲ್ಲ. "ಇದ್ ಯಾವ್ ಮೀನ್ ಹೆಣೇ?"

ಅದು ಮೀನಲ್ಲ, ಕರುಳು ಮತ್ತು ಕಿವಿರು. ಬೇಸಿಗೆಯಲ್ಲಿ ಕಸದ ಡಬ್ಬಕ್ಕೆ ಹಾಕಿದರೆ ಇಡೀ ಕಟ್ಟಡ ಮೂಗು ಮುಚ್ಚಿಕೊಳ್ಳುತ್ತದೆ, ಹಿತ್ತಿಲಿಲ್ಲ, ಬೆಕ್ಕಿಲ್ಲ, ಕಾಗೆಗೆ ಹಾಕುವಂತಿಲ್ಲ. ಕಸದ ಗಾಡಿ ಬರುವ ಹಿಂದಿನ ರಾತ್ರಿಯವರೆಗೆ ಇಲ್ಲೇ ಇಟ್ಟು ಆಮೇಲೆ ಹೊರಗಿಡುವುದು ಈ ದೇಶದ ಜಾಣರ ಪದ್ಧತಿ ಎಂದು ವಿವರಿಸಿದೆ. ಅಮ್ಮ ಪೊಟ್ಟಣ ತಿರುಗಿಸಿ ನೋಡಿದಳು.

"ಅದ್ಕೂ ತಾರೀಕ್ ಬರ್ದಿದ್ಯಲ್ಲೇ!"