ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ತುಕ್ಕು ರಿವಾಲ್ವರುಗಳು: ಒಂದು ಸಂಶೋಧನಾ ಮಂಡನೆ

1861ರಿಂದ 1865ರವರೆಗೆ ಅಮೆರಿಕದ ಉತ್ತರದವರೂ ದಕ್ಷಿಣದವರೂ ಬಡಿದಾಡಿಕೊಂಡ ಅಂತರ್ಯುದ್ಧದ ರಿವಾಲ್ವರುಗಳು ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಇದ್ದೇ ಇವೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಇದುವರೆಗೆ ಒಂದೂ ಸಿಕ್ಕಿಲ್ಲ ಎಂಬುದು ಸಣ್ಣ ತೊಡಕು. ಸಿಕ್ಕಿದ್ದರೆ ಸಂಶೋಧನೆಯ ಅಗತ್ಯವಾದರೂ ಏನಿತ್ತು?

ಮೊದಲ ಪ್ರಮಾಣ ಹತ್ತಿ. ಉತ್ತರದವರು ದಕ್ಷಿಣದ ಬಂದರುಗಳನ್ನು ಮುಚ್ಚಿಸಿದರು. ಅಲ್ಲಿಯ ಹತ್ತಿಯಿಲ್ಲದೆ ಇಂಗ್ಲೆಂಡಿನ ಲ್ಯಾಂಕಷೈರಿನ ಗಿರಣಿಗಳು ನಿಂತವು. ನಮ್ಮ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. 1865ರಲ್ಲಿ ಯುದ್ಧ ನಿಂತದ್ದೇ ತಡ, ಬೆಲೆ ಬಿದ್ದು ಮುಂಬಯಿಯ ವರ್ತಕರು ದಿವಾಳಿಯೆದ್ದರು. ಇತ್ತ ಚಳ್ಳಕೆರೆಗೆ ಶೇಂಗಾ ಎಣ್ಣೆ ಗಿರಣಿಗಳ ದೆಸೆಯಿಂದ ಎರಡನೇ ಮುಂಬಯಿ ಎಂಬ ಹೆಸರಿದೆ. ಮೊದಲನೇ ಮುಂಬಯಿಗಿದ್ದ ಅಮೆರಿಕದ ನಂಟು ಎರಡನೆಯದಕ್ಕೆ ಇರದೆ ಹೋದೀತೆ? ಗಿರಣಿಗಳು ಬಂದದ್ದು ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ ಎಂದು ತಕರಾರು ತೆಗೆಯುವವರಿಗೆ ದೂರದೃಷ್ಟಿ ಸಾಲದು.

ಎರಡನೆಯದು ಶಾಸನ ಪ್ರಮಾಣ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳನ್ನು ಬರೆದವನು ಚಪಡ ಎಂಬ ಲಿಪಿಕಾರ. ರಾಜನ ಮಾತಿನ ಕೆಳಗೆ ತನ್ನ ರುಜುವನ್ನೂ ಹಾಕಿಕೊಂಡ ಆಸಾಮಿ. ಅಮೆರಿಕದ ಕೋಲ್ಟ್ ಕಂಪನಿಯೂ ತನ್ನ ರಿವಾಲ್ವರಿನ ನಳಿಗೆಯ ಮೇಲೆ ಹೆಸರು ಕೆತ್ತುತ್ತಿತ್ತು. ಈ ಚಾಳಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಬಿಡಿಸಿ ಹೇಳಬೇಕಿಲ್ಲ.

ತುಕ್ಕಿನ ವಿಚಾರ ಮಾತ್ರ ಜಟಿಲ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯನ್ನು ಅಗೆಸಿದಾಗ ಬೃಹತ್ ಶಿಲಾ ಸಮಾಧಿಗಳಲ್ಲಿ ಕಬ್ಬಿಣದ ಆಯುಧಗಳು ಸಿಕ್ಕವು. ಅಷ್ಟು ಹಳೆಯ ಕಬ್ಬಿಣ ಉಳಿದಲ್ಲಿ 1860ರ ಮಾದರಿಯ ಕೋಲ್ಟ್ ಕರಗಿಹೋಯಿತೆಂದರೆ ನಂಬುವುದು ಹೇಗೆ? ಅಮೆರಿಕದಲ್ಲಿ ಇಂಥ ರಿವಾಲ್ವರುಗಳ, ಇಟಲಿಯಲ್ಲಿ ಮಾಡಿದ ಹೊಸ ನಕಲುಗಳನ್ನು ಮಣ್ಣಲ್ಲಿ ಹೂತು, ತುಕ್ಕು ಹಿಡಿಸಿ, ರಣರಂಗದಲ್ಲಿ ಸಿಕ್ಕಿದ್ದೆಂದು ಮಾರುವವರಿದ್ದಾರೆ. ನಮ್ಮಲ್ಲಿ ಆ ಭಯವಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಯಿದು. ತುಕ್ಕು ಹಿಡಿಸಲು ಬೋರು ಕೊರೆಸಬೇಕಾದೀತು, ಅಸಲಿಗಿಂತ ನಕಲೇ ತುಟ್ಟಿಯಾದೀತು.

ಕ್ಷೇತ್ರಕಾರ್ಯಕ್ಕೆಂದು ಗುಜರಿ ಅಂಗಡಿಯೊಂದಕ್ಕೆ ಹೋದೆವು. ಹರಿದ ಚೀಲದಡಿ ಅಂಗೈಯಗಲದ ಕಬ್ಬಿಣದ ಗುಂಡು ತುಣುಕು, ಸುತ್ತ ಆರು ತೂತು. ಕೋಲ್ಟಿನ ತಿರುಗುಣಿಗೂ ಆರೇ ಕೋಣೆ! ಅದಕ್ಕೆ ಮುಂದಿನಿಂದ ಮದ್ದು, ಗುಂಡು ತುಂಬಿ, ಹಿಂದೆ ತಾಮ್ರದ ಕೇಪು ಸಿಕ್ಕಿಸುತ್ತಿದ್ದರು ಎಂದು ಅಂಗಡಿಯವರಿಗೆ ವಿವರಿಸಿದೆವು.

“ಕೇಪು ದೀಪಾವಳಿಗೆ ಬರ್ತದೆ ಸಾರ್. ಇದು ಶೇಂಗಾ ಮಿಷನ್ನಿಂದು. ಕೆಜಿ ಲೆಕ್ಕ,” ಎಂದರು ಅವರು, ತಕ್ಕಡಿಯಿಂದ ಕಣ್ಣು ತೆಗೆಯದೆ.

ಸಾಕ್ಷ್ಯ ಮುಚ್ಚಿಡುವ ಈ ಪ್ರವೃತ್ತಿ ಗಮನಾರ್ಹ. ತುಣುಕನ್ನು ಕೊಂಡು, ‘ಚಳ್ಳಕೆರೆ ಕೋಲ್ಟ್’ ಎಂದು ಚೀಟಿ ಅಂಟಿಸಿದ್ದೇವೆ. ಒಂಬತ್ತು ತೂತಿನದು ಸಿಕ್ಕರೆ ದಕ್ಷಿಣದವರ ‘ಲೆಮಾಟ್’ ಎಂದು ಬರೆಯಲು ಇನ್ನೊಂದು ಚೀಟಿಯೂ ಸಿದ್ಧವಿದೆ.

ಓದುಗರಲ್ಲಿ ಒಂದು ಅರಿಕೆ. ಅಟ್ಟದ ಮೇಲೆ ನಿಜವಾದ ಹಳೆ ರಿವಾಲ್ವರು ಸಿಕ್ಕರೆ ನಮ್ಮಲ್ಲಿಗೆ ತರಬೇಡಿ, ಮೊದಲು ಪೊಲೀಸ್ ಠಾಣೆಗೆ ತಿಳಿಸಿ. ರಿಪೇರಿ ಮಾಡಿದರೂ ಹಾರದ ಹಳೆ ಆಯುಧಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ವಿನಾಯಿತಿ ಉಂಟು; ಆದರೆ ಅದು ಹಾರುತ್ತದೋ ಇಲ್ಲವೋ ಎಂದು ನೀವೇ ಒತ್ತಿ ನೋಡಬೇಡಿ. ಇಂಥವುಗಳ ಕೋಣೆಯಲ್ಲಿ ಹಳೆಯ ಮದ್ದು ಹಾಗೇ ಉಳಿದಿರುವುದುಂಟು.