ಕೊಡೆಯಿಲ್ಲದ ಗ್ಲಾಸು

ಬಾರ್ಬಡೋಸಿನ ಕಡಲತೀರದ ಹೋಟೆಲಿನಲ್ಲಿ ಗ್ಲಾಸಿನ ಅಂಚಿಗೆ ಅನಾನಸ್ ಚೂರು, ಮೇಲೊಂದು ಕಾಗದದ ಕೊಡೆ ಕಂಡರೆ ಮೆಲ್ಲನೆ ಎದ್ದುಬಿಡಿ. ಆ ಕೊಡೆಯ ಬಾಡಿಗೆಯೂ ಬಿಲ್ಲಿನಲ್ಲಿ ಸೇರಿರುತ್ತದೆ. ಬೆಲೆ ಡಾಲರಿನಲ್ಲಿದ್ದರೆ ಯಾವ ಡಾಲರ್ ಅಂತ ಕೇಳಿ. 1975ರಿಂದ ಅಲ್ಲಿನ ಎರಡಕ್ಕೆ ಅಮೆರಿಕದ್ದು ಒಂದು.

ಊರೊಳಗೆ ನಡೆದರೆ ಸಿಗುತ್ತದೆ ರಮ್ ಶಾಪ್. ಬಿಯರ್ ಕಂಪನಿಯ ಬಣ್ಣ ಬಳಿದುಕೊಂಡ ಪುಟ್ಟ ಕಟ್ಟಡ, ಒಳಗಿಂದ ಡೊಮಿನೊ ಬಿಲ್ಲೆಗಳನ್ನು ಮೇಜಿಗೆ ಅಪ್ಪಳಿಸುವ ಸದ್ದು. ಜಗಳವೇನೋ ಎಂದು ಹಿಂದೆ ಸರಿಯಬೇಡಿ, ಆಟ ಆಡುವುದೇ ಹಾಗೆ. ಪೆಗ್ಗಿನ ರಗಳೆ ಬೇಡವೆಂದರೆ ಪುಟ್ಟ ಬಾಟಲಿ, ಬೋಗುಣಿ ತುಂಬ ಐಸ್, ಕೋಕ್ ತಂದಿಟ್ಟು ಬೆರೆಸುವ ಜವಾಬ್ದಾರಿ ನಿಮಗೇ ಬಿಡುತ್ತಾರೆ. ನಂಚಿಕೊಳ್ಳಲು ಬನ್ನಿನೊಳಗೆ ಚೀಸಿಟ್ಟ 'ಕಟರ್'. ಜತೆಗಿರುವ ಹಳದಿ ಸಾಸನ್ನು ಬರೀ ಸಾಸಿವೆ ಎಂದು ನಂಬಬೇಡಿ. ಬ್ಯಾಡಗಿ ತಿಂದು ಬೆಳೆದ ಧೈರ್ಯ ಅದಕ್ಕೆ ಸಾಲದು.

ಮಾತಿಗೆ ಕ್ರಿಕೆಟ್ ಸಾಕು, ಸೋಬರ್ಸ್ ಹುಟ್ಟಿದ ನೆಲ. ಆಗಿನ ಕೋಚ್ ದ್ರಾವಿಡ್ ನಮ್ಮೂರವರು ಅಂದಿರೋ, ಕೆನ್ಸಿಂಗ್ಟನ್ ಓವಲ್‌ನ ಭಾರತ ಗೆದ್ದ 2024ರ ಟಿ20 ವಿಶ್ವಕಪ್ ಫೈನಲ್ ಮತ್ತೆ ಮೊದಲ ಚೆಂಡಿನಿಂದ ಶುರು. ಆ ಹೊತ್ತಿಗೆ ಬಾಟಲಿ ಎಲ್ಲರದೂ ಆಗಿರುತ್ತದೆ. ಬಿಲ್ಲು ಮಾತ್ರ ಚಾಂಪಿಯನ್ನರ ಕಡೆಯವರದು.