ರಾಡಣ್ಣನ ಹಗುರ ಗಾಳ

ಹೊಸಪೇಟೆ ಸೀಮೆಯಲ್ಲಿ ಮೀನು ಹಿಡಿಯುವವರು ಮೂರು ಬಗೆ. ಹೊಟ್ಟೆಪಾಡಿಗೆ ಬಲೆ ಬೀಸುವ ಗಂಗಾಮತಸ್ಥರು ಒಂದು. ಶಾಲೆಗೆ ಚಕ್ಕರ್ ಹೊಡೆದು, ಕಾಲುವೆ ದಂಡೆಯಲ್ಲಿ ಕುಂತು, ಬಿದಿರ ಕೋಲಿನ ಗಾಳಕ್ಕೆ ಎರೆಹುಳ ಸಿಕ್ಕಿಸಿ ಬಿಡುವ ಹುಡುಗರು ಇನ್ನೊಂದು. ಈ ಎರಡೂ ಬಗೆಯವರಿಗೆ ಮೀನು ಸಿಗುತ್ತದೆ. ಮೂರನೆಯವನು ರಾಡಣ್ಣ.

ರಾಡಣ್ಣ ಎಂಬುದು ತೊಟ್ಟಿಲಲ್ಲಿ ಇಟ್ಟ ಹೆಸರಲ್ಲ. ಒಬ್ಬನ ಹೆಸರೂ ಅಲ್ಲ. ಟಿ.ಬಿ. ಡ್ಯಾಮಿನ ಹಿನ್ನೀರಿಗೊಬ್ಬ, ಕಮಲಾಪುರಕ್ಕೊಬ್ಬ, ಸಂಡೂರಿಗೊಬ್ಬ, ಕಂಪ್ಲಿಗೊಬ್ಬ ಇದ್ದೇ ಇರುತ್ತಾನೆ. ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ಕೆಲಸ. ಇಲ್ಲವೇ ಸ್ವಂತದ ಟಿಪ್ಪರ್‌ಗಳಿದ್ದು ಅವು ತಮ್ಮಷ್ಟಕ್ಕೆ ದುಡಿಯುತ್ತಿರುತ್ತವೆ. ವಯಸ್ಸು ನಲವತ್ತರ ಆಚೆ. ಮಕ್ಕಳು ಹಾಸ್ಟೆಲ್ ಸೇರಿ, ಬಿ.ಪಿ. ಇನ್ನೂ ಮನೆ ಸೇರದ ಆ ನಡುವಿನ ಕಾಲದಲ್ಲಿ ಈ ಹುಚ್ಚು ಹಿಡಿಯುತ್ತದೆ. ಭಾನುವಾರ ಬೆಳಗಿನ ಜಾವಕ್ಕೇ ಕಾರು ಹೊರಟಿತು ಅನ್ನಿ. ಮೈಮೇಲೆ ಲೆಕ್ಕವಿಲ್ಲದಷ್ಟು ಜೇಬಿನ ಅಂಗಿ, ಬೆರಳ ತುದಿ ಕತ್ತರಿಸಿದ ಕೈಗವಸು, ಮೂಗಿನ ತನಕ ಏರಿಸಿದ ಬಟ್ಟೆ, ಕಣ್ಣಿಗೆ ಪೋಲರೈಸ್ಡ್ ಕನ್ನಡಕ. ಆ ಕನ್ನಡಕ ಹಾಕಿಕೊಂಡರೆ ನೀರಿನ ಮೇಲಿನ ಹೊಳಪು ಸತ್ತು ಒಳಗಿನ ಮೀನು ಕಾಣುತ್ತದೆ. ಕಾಣುವುದೇನೋ ನಿಜ. ರಾಡಣ್ಣನ ಕಷ್ಟ ಶುರುವಾಗುವುದೇ ಅಲ್ಲಿಂದ.

ಈ ಹುಚ್ಚಿನ ಮೂಲ ತುಂಗಭದ್ರೆಯಲ್ಲಿಲ್ಲ, ಮೊಬೈಲಿನಲ್ಲಿದೆ. ಲಾಕ್‌ಡೌನಿನಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ರಾಡಣ್ಣ ಅಮೆರಿಕದ ಕೆರೆಗಳನ್ನೆಲ್ಲ ಸುತ್ತಿ ಬಂದ. ಅಲ್ಲಿ ಒಬ್ಬ ಟೋಪಿಯವನು ಫಳಫಳ ದೋಣಿಯಲ್ಲಿ ನಿಂತು, ಸಣಕಲು ರಾಡು ಬೀಸಿ, ಬಾಸ್ ಎಂಬ ಮೀನನ್ನು ಎಳೆದು, ಅದರ ಬಾಯೊಳಗೆ ಹೆಬ್ಬೆಟ್ಟಿಟ್ಟು ಎತ್ತಿ, ಫೋಟೊ ತೆಗೆಸಿಕೊಂಡು, ಮುತ್ತಿಟ್ಟು ನೀರಿಗೆ ಬಿಡುತ್ತಾನೆ. ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಮೀನು. ತುಂಗಭದ್ರೆಗೂ ಅದಕ್ಕೂ ಬಾದರಾಯಣ ಸಂಬಂಧವೂ ಇಲ್ಲ. ರಾಡಣ್ಣನಿಗೆ ಅದೊಂದು ಅಡ್ಡಿಯೇ ಅಲ್ಲ. “ಅಲ್ಲಿ ಬಾಸು, ಇಲ್ಲಿ ಕೊರವ. ಟೆಕ್ನಿಕ್ ಎಲ್ಲ ಒಂದಽ” ಎನ್ನುತ್ತಾನೆ.

ಬಾಸಿನ ವಿಶ್ವದಾಖಲೆಯ ಕಥೆ ಅವನಿಗೆ ಬಾಯಿಪಾಠ. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಎಂಬ ರೈತರ ಮನೆ ಹುಡುಗ 22 ಪೌಂಡ್ 4 ಔನ್ಸ್ ತೂಕದ ಬಾಸ್ ಹಿಡಿದ. ನಮ್ಮ ಲೆಕ್ಕದಲ್ಲಿ ಹತ್ತು ಕೆ.ಜಿ. ಚಿಲ್ಲರೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಅದಕ್ಕೆ ಸರಿಸಮ ಮಾಡಿದ. ಇಷ್ಟು ಹೇಳಿ ರಾಡಣ್ಣ ನಿಲ್ಲಿಸಿಬಿಡುತ್ತಾನೆ. ಪೆರಿ ಮತ್ತು ಅವನ ಗೆಳೆಯ ಇಬ್ಬರಿಗೂ ಸೇರಿ ಅವತ್ತು ಇದ್ದದ್ದು ಒಂದೇ ಒಂದು ನಕಲಿ ಮೀನು. ಹಣದ ಮುಗ್ಗಟ್ಟಿನ ಕಾಲ ಅದು. ದಾಖಲೆಯ ಮೀನನ್ನು ತೂಕ ಹಾಕಿಸಿದ ಮೇಲೆ ಮನೆಗೆ ಒಯ್ದು ಮನೆಮಂದಿಯೆಲ್ಲ ಕೂತು ತಿಂದರು. ಕಥೆಯ ಈ ಉತ್ತರಾರ್ಧ ರಾಡಣ್ಣನ ಪ್ರವಚನದಲ್ಲಿ ಬರುವುದಿಲ್ಲ. ಡಿಕ್ಕಿಯಲ್ಲಿ ಆರು ರಾಡು, ಎರಡು ಪೆಟ್ಟಿಗೆ ತುಂಬ ಲೂರ್, ಅಂದರೆ ರಬ್ಬರ್ ಕಪ್ಪೆ, ತಗಡಿನ ಮೀನು, ಪ್ಲಾಸ್ಟಿಕ್ ಹುಳ ಇಟ್ಟುಕೊಂಡವನು ಆ ಭಾಗವನ್ನು ಯಾವ ಬಾಯಿಂದ ಹೇಳಬೇಕು?

ರಾಡಣ್ಣನ ಮತಕ್ಕೆ ಒಂದೇ ಸೂತ್ರ: ಹಗುರ. ಬಿದಿರ ಕೋಲಲ್ಲಿ ಮೀನನ್ನು ಕಿತ್ತು ದಂಡೆಗೆ ಎಸೆಯುವುದು ಅವನ ಪ್ರಕಾರ ರೌಡಿತನ. ಆರೂವರೆ ಅಡಿಯ ಅಲ್ಟ್ರಾಲೈಟ್ ರಾಡು, 1ರಿಂದ 7 ಗ್ರಾಂ ತೂಕದ ಲೂರ್, ಸಾವಿರ ನಂಬರಿನ ಪುಟ್ಟ ರೀಲು, ಕಣ್ಣಿಗೆ ಕಂಡರೂ ಕಾಣದಂತಿರುವ ಹೆಣಿಗೆ ದಾರ. ರಾಡಿನ ಬುಡದಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಎಷ್ಟು ಗ್ರಾಂ ಲೂರ್, ಎಷ್ಟು ಪೌಂಡ್ ದಾರ ಎಂದು. ಅದನ್ನು ಓದದೆ ರಾಡು ಕೊಂಡವನ ಜೊತೆ ಅವನು ಚಹಾ ಕೂಡ ಕುಡಿಯುವುದಿಲ್ಲ.

ನಗಬೇಡಿ, ಇಲ್ಲಿಯವರೆಗೆ ಅವನು ಹೇಳುವುದು ಸರಿಯಾಗಿಯೇ ಇದೆ. 3 ಗ್ರಾಮಿನ ಲೂರನ್ನು ಗಡಸು ರಾಡಿಗೆ ಕಟ್ಟಿದರೆ ರಾಡು ಬಾಗುವುದಿಲ್ಲ. ರಾಡು ಬಾಗದೆ ಲೂರ್ ಹಾರುವುದಿಲ್ಲ. ಕಾಲ ಬುಡದಲ್ಲೇ ಬೀಳುತ್ತದೆ. ದಪ್ಪ ದಾರ ಗಾಳಿಗೆ ಸಿಕ್ಕಿ ಡೊಂಕಾಗುತ್ತದೆ, ಮೀನು ಮುಟ್ಟಿದ್ದು ಕೈಗೆ ತಿಳಿಯುವುದೇ ಇಲ್ಲ. ಮಳೆಗಾಲದ ಕೆಂಪು ನೀರಿನಲ್ಲಿ ಯಾವ ದಾರವಾದರೂ ನಡೆದೀತು. ದೀಪಾವಳಿ ಕಳೆದು ಹೊಳೆ ತಿಳಿಯಾದ ಮೇಲೆ ಮೀನಿಗೆ ಹಗ್ಗ ತೋರಿಸಿದರೆ ಅದು ಹತ್ತಿರ ಸುಳಿಯುವುದಿಲ್ಲ.

ಹಾಗಾದರೆ 6 ಪೌಂಡಿನ, ಅಂದರೆ 2.7 ಕೆ.ಜಿ. ತಾಳುವ ದಾರದಲ್ಲಿ 4 ಕೆ.ಜಿ. ಮೀನು ಹೇಗೆ ಬರುತ್ತದೆ? ಈ ಪ್ರಶ್ನೆಯನ್ನು ರಾಡಣ್ಣನಿಗೆ ಕೇಳಬಾರದು. ಕೇಳಿದರೆ ನಿಮ್ಮ ಅವತ್ತಿನ ಭಾನುವಾರ ಮುಗಿದಂತೆ. ರೀಲಿನೊಳಗೆ ಡ್ರ್ಯಾಗ್ ಎಂಬುದೊಂದು ಇರುತ್ತದೆ. ಬಿಲ್ಲೆಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಮೀನು ಒಂದು ಮಿತಿ ಮೀರಿ ಎಳೆದರೆ ಬಿಲ್ಲೆ ಜಾರಿ ದಾರ ತಾನಾಗಿ ಬಿಚ್ಚಿಕೊಳ್ಳುತ್ತದೆ, ಹರಿಯುವುದಿಲ್ಲ. ಅದು ಎಳೆದಾಗ ಬಿಡು, ನಿಂತಾಗ ಸುತ್ತು. ಆ ಮಿತಿಯನ್ನು ದಾರದ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇಡಬೇಕು. ಅಳೆಯುವಾಗ ಒಬ್ಬರು ತೂಗು ಕೊಕ್ಕೆ ಹಿಡಿಯಬೇಕು, ಇನ್ನೊಬ್ಬರು ಎಳೆಯಬೇಕು. ಶನಿವಾರ ರಾತ್ರಿ ಊಟವಾದ ಮೇಲೆ ಈ ಕೆಲಸಕ್ಕೆ ಮನೆಯಾಕೆ ಸಿಗುತ್ತಾಳೆ.

“ಎಂಟುನೂರಕ್ಕ ಬಂದ ಕೂಡಲೆ ಹೇಳು.”

“ಆರುನೂರು... ಏಳುನೂರಾ ಇಪ್ಪತ್ತು... ಅಯ್ಯ, ಮತ್ತ ಜಾರಿತು ನೋಡ್ರಿ!”

“ಜಾರಬೇಕು! ಅದಽ ಡ್ರ್ಯಾಗು!”

“ಅಲ್ರೀ, ತಿನ್ನಂಗಿಲ್ಲ, ಮಾರಂಗಿಲ್ಲ. ಬಿಡಾಕ ಯಾಕ ಹಿಡೀತೀರಿ?”

“ನೀ ಮುಳ್ಳು ನೋಡು.”

ಆಕೆ ಕೇಳಿದ್ದು ನ್ಯಾಯವೇ. ಆ ಮನೆಯ ಅಡುಗೆಕೋಣೆಗೆ ಮೊಟ್ಟೆಗೂ ಪ್ರವೇಶವಿಲ್ಲ. ರಬ್ಬರ್ ಕಪ್ಪೆಗಳ ಡಬ್ಬಿ ಗೇಟಿನ ಬಳಿಯ ಶೆಡ್ಡು ದಾಟಿ ಒಳಗೆ ಬರುವಂತಿಲ್ಲ. ಹೊಳೆಗೆ ಹೋಗಿ ಬಂದವನು ಹಿತ್ತಲ ನಲ್ಲಿಯಲ್ಲಿ ಕೈಕಾಲು ತೊಳೆದೇ ಬರಬೇಕು. ಮೀನು ಮುಟ್ಟಿದ್ದರೆ ತಲೆಸ್ನಾನ. ತಲೆಸ್ನಾನದ ಪ್ರಸಂಗ ಅಷ್ಟಾಗಿ ಬರುವುದಿಲ್ಲ ಎಂದು ಆಕೆಯೇ ಪಕ್ಕದ ಮನೆಯವರಿಗೆ ಹೇಳಿದ್ದಾಳೆ. ಊರಿನಲ್ಲಿ ರಾಡಣ್ಣನ ಬೇಟೆಯ ಬಗ್ಗೆ ಸಿಗುವ ನಂಬಿಕಸ್ಥ ಅಂಕಿ-ಅಂಶ ಅದೊಂದೇ.

ಡ್ರ್ಯಾಗ್ ತಲೆಗೆ ಹತ್ತಿದವನಿಗೆ ಲೋಕವೆಲ್ಲ ರೀಲು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಊರಿಗೆ ಊರೇ ಎರಡನೇ ಬೆಳೆಯ ಗತಿಯೇನು ಎಂದು ತಲೆ ಮೇಲೆ ಕೈ ಹೊತ್ತು ಕೂತಿತ್ತು. ರಾಡಣ್ಣ ಮಾತ್ರ ಚಹಾದಂಗಡಿಯಲ್ಲಿ, “ಸರಪಳಿಗೆ ಡ್ರ್ಯಾಗ್ ಇಲ್ಲ ನೋಡ್ರಿ. ಲೋಡ್ ಬಿದ್ದಾಗ ಒಂಚೂರು ಬಿಟ್ಟುಕೊಟ್ಟಿದ್ರ ಉಳೀತಿತ್ತು” ಎಂದ. ಡ್ಯಾಮಿನ ಗೇಟು ಬಿಟ್ಟುಕೊಡುತ್ತ ಕೂತರೆ ಅದನ್ನು ಗೇಟೆಂದು ಏಕೆ ಕರೆಯಬೇಕು ಎಂದು ಯಾರೋ ಕೇಳಿದರು. ಅಷ್ಟರಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂದದ್ದರಿಂದ ಚರ್ಚೆ ನಿಂತಿತು.

ಹಗುರ ಗಾಳಕ್ಕೆ ತಕ್ಕ ಜಾಗವೂ ಬೇಕು. ರಾಡಣ್ಣನ ತಪ್ಪು ಇರುವುದು ಇಲ್ಲಿ, ಇದನ್ನು ನಾನು ಅವನಿಗೆ ಹೇಳಿ ನೋಡಿಯಾಗಿದೆ. ಕೊರವ ಜೊಂಡು, ತಾವರೆ ಎಲೆಗಳ ಸಂದಿಯ ಮೀನು. ಆಗಾಗ ಮೇಲೆ ಬಂದು ಗಾಳಿ ಕುಡಿದು ಹೋಗುತ್ತದೆ. ಎಲೆ ಮೇಲೆ ಕಪ್ಪೆ ಕುಪ್ಪಳಿಸಿದರೆ ನೀರೊಡೆದು ಎರಗುತ್ತದೆ. ಎರಗಿದ್ದೇ ತಡ ಜೊಂಡಿನ ಬುಡಕ್ಕೆ ನುಗ್ಗುತ್ತದೆ. ಅಲ್ಲಿ ಡ್ರ್ಯಾಗ್ ಬಿಟ್ಟುಕೊಡುವುದೆಂದರೆ ಮೀನಿಗೆ ಮನೆಯ ಬೀಗದ ಕೈ ಕೊಟ್ಟಂತೆ. ಗಟ್ಟಿ ರಾಡು, ದಪ್ಪ ದಾರದಲ್ಲಿ ಒಂದೇ ಎಳೆತಕ್ಕೆ ಹೊರಗೆ ತರಬೇಕು. 6 ಪೌಂಡಿನ ದಾರ ಹರಿದು, ಮೂರು ಕೊಂಡಿಯ ಗಾಳವನ್ನು ಬಾಯಲ್ಲಿ ಕಚ್ಚಿಕೊಂಡು ಮೀನು ವಾರಗಟ್ಟಲೆ ನರಳುವುದು ಯಾವ ಸೀಮೆಯ ಸಭ್ಯ ಆಟ? ರಾಡಣ್ಣ ತಲೆಯಾಡಿಸಿದ. ಮುಂದಿನ ಭಾನುವಾರ ಅದೇ ರಾಡು ಹಿಡಿದು ಅದೇ ಜೊಂಡಿಗೆ ಹೋದ.

ಹಂಪಿಯಲ್ಲಿ ಅವನು ಗಾಳ ಹಾಕುವುದಿಲ್ಲ, ಬಂಡೆ ಮೇಲೆ ರಾಡು ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾನೆ ಅಷ್ಟೆ. ಗಾಳ ಹಾಕಲು ಹೊಳೆಯಾಚೆ ಸಾಣಾಪುರದ ಕೆರೆ. ಅಲ್ಲಿ ತೆಪ್ಪದಲ್ಲಿ ನಿಂತು ಬೀಸಿದ. ಹದಿನಾರನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗಲ್ಲಿನ ಡೊಮಿಂಗೊ ಪೇಸ್, ಬೆತ್ತ ಹೆಣೆದು ಚರ್ಮ ಹೊದಿಸಿದ ಈ ದುಂಡು ತೆಪ್ಪಗಳು ನೇರ ಹೋಗಲಾರವು, ಸದಾ ಸುತ್ತುತ್ತಲೇ ಇರುತ್ತವೆ ಎಂದು ಬರೆದಿಟ್ಟಿದ್ದಾನೆ. ರಾಡಣ್ಣ ಪೇಸನನ್ನು ಓದಿರಲಿಲ್ಲ. ಬಲಕ್ಕೆ ಬೀಸಿದ, ತೆಪ್ಪ ಎಡಕ್ಕೆ ತಿರುಗಿತು. ಲೂರ್ ಹೋಗಿ ತೆಪ್ಪದವನ ಟವೆಲ್ಲಿಗೆ ಸಿಕ್ಕಿಕೊಂಡಿತು. “ದೊಡ್ಡದಽ ಬಿದ್ದೈತಿ ಸರ, ಡ್ರ್ಯಾಗ್ ಬಿಡ್ರಿ” ಎಂದನಂತೆ ತೆಪ್ಪದವನು. ಪ್ರವಚನ ಅಷ್ಟು ದೂರ ಮುಟ್ಟಿದೆ.

ಸಂಡೂರಿಗೆ 1934ರಲ್ಲಿ ಗಾಂಧೀಜಿ ಬಂದಿದ್ದರು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕು ಎಂದಿದ್ದರಂತೆ. ಬೆಟ್ಟ ಹಸಿರಾಗುವುದನ್ನು ಕಂಡು ಅಂದದ್ದು ಎಂದು ಊರವರು ತಿಳಿದಿದ್ದಾರೆ. ನಾರಿಹಳ್ಳದ ಅಣೆಕಟ್ಟಿನಲ್ಲಿ ಮೀನು ಲೂರಿಗೆ ಏರುವ ತಿಂಗಳು ಅದು, ಗಾಂಧೀಜಿಗೆ ಗೊತ್ತಿತ್ತು ಎನ್ನುವುದು ರಾಡಣ್ಣನ ವಾದ. ಆ ಅಣೆಕಟ್ಟು ಕಟ್ಟಿದ್ದು ಗಾಂಧೀಜಿ ಬಂದುಹೋದ ಎಷ್ಟೋ ಕಾಲದ ಮೇಲೆ ಎಂದರೆ, “ಹಳ್ಳ ಇತ್ತಲ್ರೀ” ಎನ್ನುತ್ತಾನೆ. ಅಲ್ಲಿ ಅವನಿಗೆ ಹೆಚ್ಚಾಗಿ ಸಿಗುವುದು ಬೆನ್ನ ಹಿಂದಿನ ಬಳ್ಳಾರಿ ಜಾಲಿ. ರಾಡು ಹಿಂದಕ್ಕೆತ್ತಿದ ಕೂಡಲೇ ಮುಳ್ಳು ಲೂರನ್ನು ಹಿಡಿದುಕೊಳ್ಳುತ್ತದೆ. ಈ ಜಾಲಿಯ ತವರೂ ಅಮೆರಿಕ ಖಂಡವೇ. ಅಲ್ಲಿಂದ ಬಾಸ್ ಬರಲಿಲ್ಲ, ಜಾಲಿ ಬಂತು. 400 ರೂಪಾಯಿಯ ರಬ್ಬರ್ ಕಪ್ಪೆಗಳು ಆ ದಂಡೆಯ ಜಾಲಿಯಲ್ಲಿ ಎಷ್ಟು ತೂಗಾಡುತ್ತಿವೆಯೋ, ಕುರಿ ಕಾಯುವವರಿಗೆ ಗೊತ್ತು.

ಕಂಪ್ಲಿಯ ಪ್ರಸಂಗವೇ ಬೇರೆ. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗೆ ಹೊಳೆಯ 34 ಕಿ.ಮೀ. ಉದ್ದವನ್ನು 2015ರಲ್ಲಿ ನೀರುನಾಯಿಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಹಾಗಾಗಿ ರಾಡಣ್ಣ ಸೇತುವೆಯಿಂದ ಸಾಕಷ್ಟು ಕೆಳಗೆ ಹೋಗಿ ನಿಲ್ಲುತ್ತಾನೆ. ಕಾನೂನಿನ ವಿಷಯದಲ್ಲಿ ಅವನದು ದಾರಕ್ಕಿಂತ ಗಟ್ಟಿ ನಿಲುವು. ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ಸೇತುವೆಯೇ ಮುಳುಗುವ ಜಾಗ ಅದು. ಚಳಿಗಾಲಕ್ಕೆ ಹೊಳೆ ಇಳಿದು, ಬಂಡೆಗಳ ನಡುವೆ ತಿಳಿನೀರಿನ ಮಡುಗಳು ನಿಂತಿರುತ್ತವೆ. ಹಗುರ ಗಾಳಕ್ಕೆ ಹೇಳಿ ಮಾಡಿಸಿದ ನೀರು.

ಅಲ್ಲಿ ಅವನು ಗಂಟು ಹಾಕುವುದನ್ನು ನೋಡಬೇಕು. ಹೆಣಿಗೆ ದಾರದ ತುದಿಗೆ ನೀರಲ್ಲಿ ಕಾಣದ ಫ್ಲೋರೋಕಾರ್ಬನ್ ತುಂಡನ್ನು ಜೋಡಿಸಬೇಕು. ಗಂಟಿನ ಹೆಸರು ಎಫ್‌ಜಿ. ಪೋಲರೈಸ್ಡ್ ತೆಗೆದು ಚಾಳೀಸು ಏರಿಸಿದ. ದಾರದ ಒಂದು ತುದಿ ಹಲ್ಲಿಗೆ, ಇನ್ನೊಂದು ಕಿರುಬೆರಳಿಗೆ. ಬಿಗಿಯಾಗಿ ನಿಂತ ದಾರಕ್ಕೆ ಫ್ಲೋರೋಕಾರ್ಬನ್ನನ್ನು ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ ಹೊಸೆಯುತ್ತ ಹೋಗಬೇಕು, ಇಪ್ಪತ್ತು ಸುತ್ತು. ಪಕ್ಕದ ಬಂಡೆಯಲ್ಲಿ ಬಿದಿರ ಕೋಲು ಹಿಡಿದ ಹುಡುಗನೊಬ್ಬ ತನ್ನ ಬೆಂಡನ್ನೂ ಇವನ ಬೆರಳನ್ನೂ ನೋಡುತ್ತಿದ್ದ.

“ಎಷ್ಟಾತಪ?” ಎಂದ ರಾಡಣ್ಣ, ದಾರ ಕಚ್ಚಿದ ಹಲ್ಲಿನ ಸಂದಿಯಿಂದ.

“ಹದಿನಾಲ್ಕು ಸರ.”

ಹುಡುಗನ ಬೆಂಡು ಮುಳುಗಿತು. ಎತ್ತಿ, ಬಿಡಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಂದ. ಗಾಳಿ ಬೀಸಿತು. ಗಂಟು ಸಡಿಲಾಯಿತು.

“ಈಗೆಷ್ಟು?”

“ಮೊದಲಿಂದ ಹಾಕ್ರಿ ಸರ. ನಾ ಎಣಸ್ತೀನಿ.”

ಹುಡುಗನ ಚೀಲದಲ್ಲಿ ಮೂರನೆಯದು ಬೀಳುವ ಹೊತ್ತಿಗೆ ಗಂಟು ಕೂತಿತು. ಒಳ್ಳೆಯ ಗಂಟು, ಸುಳ್ಳು ಹೇಳಬಾರದು. ರಾಡಿನ ಉಂಗುರಗಳಲ್ಲಿ ಸದ್ದಿಲ್ಲದೆ ನುಸುಳಿತು. ರಾಡಣ್ಣ ಬೀಸಿದ. 2 ಗ್ರಾಮಿನ ಪ್ಲಾಸ್ಟಿಕ್ ಹುಳ ಮಡುವಿನಾಚೆ ಬಂಡೆಯ ನೆರಳಿಗೆ ಗೆರೆ ಎಳೆದಂತೆ ಹೋಗಿ ಬಿತ್ತು. ಎರಡು ಸುತ್ತು ಸುತ್ತಿದ. ರಾಡಿನ ತುದಿ ನಡುಗಿ, ಬಾಗಿ, ನೀರಿಗೇ ಇಳಿಯಿತು. ರೀಲು ‘ಜುಂಯ್’ ಎಂದಿತು.

“ಕೊರವ! ಕೊರವಽ ಇದು! ಡ್ರ್ಯಾಗ್ ಕೇಳು, ಡ್ರ್ಯಾಗ್ ಕೇಳು!”

ಬಿಟ್ಟ, ಸುತ್ತಿದ, ಮತ್ತೆ ಬಿಟ್ಟ. ಮಂಡಿಯುದ್ದ ನೀರಿಗಿಳಿದ. ಹುಡುಗ ಅವನ ಮೊಬೈಲ್ ಹಿಡಿದು ವಿಡಿಯೊ ಮಾಡತೊಡಗಿದ. ಎದೆಬಡಿತ ಏರಿಸಿದ ಆ ಕಾಳಗ ಮುಗಿದು ಮೀನು ಮೇಲೆ ಬಂತು, ಅಂಗೈಯಗಲ.

“ಸರ, ಜಿಲೇಬಿ.”

ಜಿಲೇಬಿ ಎಂದರೆ ತಿಲಾಪಿಯಾ. ರಾಡಣ್ಣ ಕುಗ್ಗಲಿಲ್ಲ. ಒಣಗೈಯಲ್ಲಿ ಹಿಡಿದರೆ ಮೀನಿನ ಮೈಯ ಲೋಳೆ ಹೋಗುತ್ತದೆಂದು ಕೈ ಒದ್ದೆ ಮಾಡಿಕೊಂಡ, ಚಿಮಟದಿಂದ ಗಾಳ ಬಿಡಿಸಿದ, ಎರಡೂ ಕೈಯಲ್ಲಿ ಹಿಡಿದು ನೀರಿಗೆ ಬಗ್ಗಿದ.

“ಬಿಡಬ್ಯಾಡ್ರಿ ಸರ, ನನಗ ಕೊಡ್ರಿ! ನಮ್ಮವ್ವ ಹುರೀತಾಳ.”

“ಹಂಗನ್ನಬಾರದಪ. ಮೀನು ಉಳಿದ್ರ ಹೊಳಿ ಉಳೀತೈತಿ” ಎಂದು ಬಿಟ್ಟೇಬಿಟ್ಟ.

ತಿಲಾಪಿಯಾ ಆಫ್ರಿಕಾದ ಮೀನು. 1952ರಲ್ಲಿ ಭಾರತಕ್ಕೆ ತಂದು ಬಿಟ್ಟದ್ದು, ಸಿಕ್ಕಸಿಕ್ಕ ಕೆರೆ-ಹೊಳೆಯಲ್ಲಿ ಮರಿಮಾಡಿ ನಾಡಮೀನುಗಳ ಜಾಗ ನುಂಗುತ್ತಿದೆ. ಹೊಳೆಯ ಹಿತ ನೋಡಿದರೆ ಆ ಮಡುವಿನಲ್ಲಿ ಹಿಡಿದ ಮೇಲೆ ಬಿಡಬಾರದ ಮೀನು ಯಾವುದಾದರೂ ಇದ್ದರೆ ಅದು ಅದೇ, ಮತ್ತು ಅಂದು ಅಲ್ಲಿದ್ದ ಪರಿಸರವಾದಿ ಆ ಹುಡುಗನ ತಾಯಿಯ ಬಾಣಲೆ. ಇದನ್ನು ಹೇಳೋಣವೆಂದರೆ ರಾಡಣ್ಣನ ಕಣ್ಣಲ್ಲಿ ನೀರಾಡುತ್ತಿತ್ತು. ಮಡುವಿನಾಚೆ ಮೀಸಲಿನ ಗಡಿ ಗೊತ್ತಿಲ್ಲದ ನೀರುನಾಯಿಯೊಂದು ಮೇಲೆದ್ದು, ತೋಳುದ್ದದ ಮೀನನ್ನು ಬಂಡೆಗೆ ಎಳೆದುಕೊಂಡು ತಲೆಯಿಂದ ಶುರುಮಾಡಿ ಕಟಕಟ ಅಗಿಯತೊಡಗಿತು. ರಾಡಣ್ಣ ಅತ್ತ ನೋಡಲೂ ಇಲ್ಲ. ಅವನು ರಾಡನ್ನು ಬಾಗಿಸಿ ಪರೀಕ್ಷಿಸುತ್ತಿದ್ದ.

“ಇದು ಭಾಳ ಗಡುಸಾತು. ಮೀನಿಗೆ ಚಾನ್ಸಽ ಸಿಗಲಿಲ್ಲ. ಇದಕ್ಕಿಂತ ಒಂದು ನಂಬರ್ ಹಗುರ ಬೇಕು.”

ಸೇತುವೆ ಮೇಲೆ ಬಂದು ಸಿಗ್ನಲ್ ಸಿಕ್ಕಿದ್ದೇ ತಡ, ಹೊಸ ರಾಡಿಗೆ ಆರ್ಡರ್ ಹಾಕಿದ. ಆಮೇಲೆ ಮನೆಗೆ ಫೋನ್ ಹಚ್ಚಿ, ಭತ್ತದ ಟ್ರ್ಯಾಕ್ಟರ್‌ನವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದ: “ಹಿತ್ತಲಕ ಬಿಸಿನೀರು ಇಡು. ಇವತ್ತು ತಲೆಸ್ನಾನ!”